ಕಾಲಿಗೆ ಗಾಳಿಯ ಒತ್ತಾಸೆ

ಶಸ್ತ್ರಕ್ರಿಯೆಯು ನಿರ್ವಿಘ್ನವಾಗಿ ಮುಗಿದು, ಗಾಯವು ಮಾಯುತ್ತ ಬಂದು, ನಾಳೆಯೋ ನಾಡಿದ್ದೋ ಮನೆಗೆ ಹೊರಡಬಹುದೆಂದು ವೈದ್ಯರಿಂದ ಹೇಳಿಸಿಕೊಂಡ ರೋಗಿಯು, ಹಾಸಿಗೆಯಿಂದೆದ್ದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಉಸಿರು ಸಿಕ್ಕದೆ ಕುಸಿದು ಪ್ರಾಣಬಿಡುವ ದುರಂತವನ್ನು ಶಸ್ತ್ರವೈದ್ಯರು ಬಹುಕಾಲದಿಂದ ಬಲ್ಲರು. ಈ ಮರಣದ ಬೀಜವು ಶ್ವಾಸಕೋಶದಲ್ಲಿ ಹುಟ್ಟುವುದಲ್ಲ. ಅದು ಕೆಲವು ದಿನಗಳ ಹಿಂದೆಯೇ, ಯಾರ ಗಮನಕ್ಕೂ ಬಾರದಂತೆ, ಕಾಲಿನ ಆಳದಲ್ಲಿರುವ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವಾಗಿ ರೂಪುಗೊಂಡು, ಅಲ್ಲಿಂದ ಕಳಚಿಕೊಂಡು, ಹೃದಯದ ಬಲಭಾಗವನ್ನು ಹಾದು, ಶ್ವಾಸಕೋಶದ ರಕ್ತನಾಳದಲ್ಲಿ ಬಂದು ಸಿಕ್ಕಿಕೊಂಡಿರುತ್ತದೆ. ಈ ಸಂಬಂಧವನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಪ್ರಮಾಣಪೂರ್ವಕವಾಗಿ ತೋರಿಸಿಕೊಟ್ಟವನು ಜರ್ಮನಿಯ ರುಡಾಲ್ಫ್ ವಿರ್ಚೋ. ರಕ್ತಪ್ರವಾಹದ ಮಂದಗತಿ, ನಾಳಭಿತ್ತಿಗೆ ಆಗುವ ಪೆಟ್ಟು, ರಕ್ತವೇ ಹೆಪ್ಪುಗಟ್ಟುವತ್ತ ವಾಲುವುದು ಎಂಬ ಮೂರು ಕಾರಣಗಳ ಸಮುಚ್ಚಯವು ಇಂದಿಗೂ ಅವನ ಹೆಸರಿನಿಂದಲೇ ವೈದ್ಯವಿದ್ಯಾರ್ಥಿಗಳಿಗೆ ಬೋಧಿಸಲ್ಪಡುತ್ತಿದೆ.

ಈ ಮೂರರಲ್ಲಿ ಮೊದಲನೆಯದಾದ ಮಂದಗತಿಯನ್ನು ಹೊರಗಿನಿಂದಲೇ ನಿವಾರಿಸುವ ಉಪಾಯವೊಂದಿದೆ. ಕಾಲಿಗೆ ಗಾಳಿಪಟ್ಟಿಯನ್ನು ಸುತ್ತಿ, ನಿಯತ ಅಂತರದಲ್ಲಿ ಅದನ್ನು ಉಬ್ಬಿಸಿ ಇಳಿಸುವ ಈ ಉಪಾಯದ ನಾನಾ ಪ್ರಕಾರಗಳಲ್ಲಿ ಯಾವುದು ಮೇಲು, ಮೇಲೆಂಬುದಕ್ಕೆ ಆಧಾರವೇನು ಎಂಬುದೇ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ. ಅದಕ್ಕೆ ಮುನ್ನ ಕಾಲಿನ ರಚನೆಯನ್ನು ಒಂದಿಷ್ಟು ನೋಡಬೇಕು. ಹೃದಯದಿಂದ ಕೆಳಗಿಳಿದ ರಕ್ತವು ಮತ್ತೆ ಮೇಲೇರುವಾಗ ಅದಕ್ಕೆ ಹೃದಯದ ತಳ್ಳುಬಲವು ಬಹುಮಟ್ಟಿಗೆ ಕುಂದಿರುತ್ತದೆ. ಆಗ ನೆರವಾಗುವುದು ಮೀನಖಂಡದ ಸ್ನಾಯುಗಳು. ನಡೆಯುವಾಗ ಅವು ಸಂಕುಚಿಸಿ, ತಮ್ಮ ನಡುವಣ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತವೆ; ಅಭಿಧಮನಿಗಳ ಒಳಗಿರುವ ಕವಾಟಗಳು ಅದು ಹಿಂದಕ್ಕೆ ಜಾರದಂತೆ ತಡೆಯುತ್ತವೆ. ಅರಿವಳಿಕೆಯಲ್ಲಿ ಮೈಮರೆತು ಮಲಗಿದವನಲ್ಲಿ, ಪಾರ್ಶ್ವವಾಯುವಿನಿಂದ ಕಾಲು ಸತ್ತಂತಾದವನಲ್ಲಿ, ಮೂಳೆ ಮುರಿದು ಪಟ್ಟುಹಾಕಿಸಿಕೊಂಡವನಲ್ಲಿ ಈ ಯಂತ್ರವು ನಿಂತುಹೋಗುತ್ತದೆ. ಆಗ ಕವಾಟದ ಹಿಂಬದಿಯ ಸಣ್ಣ ಚೀಲಗಳಲ್ಲಿಯೂ ಮೀನಖಂಡದ ಸ್ನಾಯುಗಳೊಳಗಿನ ಅಗಲವಾದ ಅಭಿಧಮನಿಗಳಲ್ಲಿಯೂ ರಕ್ತವು ನಿಂತಲ್ಲಿಯೇ ಸುಳಿಯುತ್ತ ಹೆಪ್ಪಿಗೆ ಎಡೆಗೊಡುತ್ತದೆ.

ರಕ್ತವನ್ನು ತೆಳುಗೊಳಿಸುವ ಔಷಧಿಯಿರುವಾಗ ಗಾಳಿಯ ಯಂತ್ರದ ಗೊಡವೆಯೇಕೆ ಎಂದು ಕೇಳಬಹುದು. ಔಷಧಿಯ ಮಹಿಮೆಯು ಅಲ್ಪವಾದುದಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿದ್ದ ಭಾರತೀಯ ಮೂಲದ ಶಸ್ತ್ರವೈದ್ಯ ವಿಜಯ್ ಕಕ್ಕರ್ ಅವರ ನೇತೃತ್ವದಲ್ಲಿ ಅನೇಕ ದೇಶಗಳ ಆಸ್ಪತ್ರೆಗಳು ಕೂಡಿ ನಡೆಸಿದ, 1975ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದೊಡ್ಡ ಶಸ್ತ್ರಕ್ರಿಯೆಗೊಳಗಾದ 4121 ರೋಗಿಗಳ ಪೈಕಿ ಹೆಪಾರಿನ್ ಎಂಬ ಈ ಬಗೆಯ ಔಷಧಿಯನ್ನು ಪಡೆಯದವರಲ್ಲಿ 16 ಮಂದಿ ಶ್ವಾಸಕೋಶದ ಹೆಪ್ಪಿನಿಂದ ಸತ್ತರೆಂದು ಮರಣೋತ್ತರ ಪರೀಕ್ಷೆಯಲ್ಲಿ ಕಂಡುಬಂದಿತು. ಅಲ್ಪಪ್ರಮಾಣದ ಹೆಪಾರಿನ್ ಪಡೆದವರಲ್ಲಿ ಹಾಗೆ ಸತ್ತವರು ಇಬ್ಬರೇ. ಈ ಫಲಿತಾಂಶವು ಶಸ್ತ್ರವೈದ್ಯದ ರೂಢಿಯನ್ನೇ ಬದಲಿಸಿತು. ಆದರೆ ಮೆದುಳಿನಲ್ಲಿ ರಕ್ತಸ್ರಾವವಾದವನಿಗೆ, ತಲೆಬುರುಡೆಯನ್ನು ತೆರೆದು ಶಸ್ತ್ರಕ್ರಿಯೆ ಮಾಡಿಸಿಕೊಂಡವನಿಗೆ, ಅಪಘಾತದಲ್ಲಿ ಯಕೃತ್ತೋ ಗುಲ್ಮವೋ ಸೀಳಿದವನಿಗೆ, ಜಠರದ ಹುಣ್ಣಿನಿಂದ ರಕ್ತ ಸೋರುತ್ತಿರುವವನಿಗೆ ರಕ್ತ ತೆಳುಗೊಳಿಸುವ ಚುಚ್ಚುಮದ್ದನ್ನು ಕೊಡುವುದೆಂದರೆ ಒಂದು ಮೃತ್ಯುವನ್ನು ತಪ್ಪಿಸಹೋಗಿ ಮತ್ತೊಂದನ್ನು ಕರೆದಂತಾದೀತು. ಗಾಳಿಯ ಒತ್ತಡವು ರಕ್ತಸ್ರಾವವನ್ನು ಹೆಚ್ಚಿಸದು. ಈ ಒಂದು ಗುಣದಿಂದಲೇ ಅದು ವೈದ್ಯಶಾಸ್ತ್ರದಲ್ಲಿ ತನ್ನ ಸ್ಥಾನವನ್ನು ಗಳಿಸಿತು, ಉಳಿಸಿಕೊಂಡೂ ಬಂದಿದೆ.

ಇದರ ಆಧುನಿಕ ಚರಿತ್ರೆಯ ಆರಂಭವನ್ನು 1970ರ ಆಸುಪಾಸಿನಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಗುರುತಿಸಬಹುದು. ಜೇಮ್ಸ್ ಕ್ಯಾಲ್ನನ್ ಎಂಬ ಶಸ್ತ್ರವೈದ್ಯರೂ ಅವರ ಸಂಗಡಿಗರೂ ಮೀನಖಂಡದ ಸ್ನಾಯುಗಳ ಕಾರ್ಯವನ್ನು ಅನುಕರಿಸುವ ಗಾಳಿಯ ಕಾಲುಚೀಲವೊಂದನ್ನು ವರ್ಣಿಸಿದರು. 1972ರಲ್ಲಿ ಅದನ್ನು ಶಸ್ತ್ರಕ್ರಿಯೆಯ ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶವು ಬೆಳಕಿಗೆ ಬಂದಿತು. ಮುಂದಿನ ದಶಕಗಳಲ್ಲಿ ಯಂತ್ರವು ಎಷ್ಟೋ ಸುಧಾರಿಸಿದ್ದರೂ ಅದರ ಮೂಲಸ್ವರೂಪ ಬದಲಾಗಿಲ್ಲ. ನಮ್ಮ ಆಸ್ಪತ್ರೆಗಳ ತೀವ್ರನಿಗಾ ಘಟಕಗಳಲ್ಲಿ ‘ಡಿವಿಟಿ ಪಂಪು’ ಎಂದು ಕರೆಯಿಸಿಕೊಳ್ಳುವ ಪೆಟ್ಟಿಗೆಯು ಮಂಚದ ಕಾಲ್ದೆಸೆಯ ಹಲಗೆಗೆ ಕೊಂಡಿಯಿಂದ ತೂಗುಬಿದ್ದಿರುತ್ತದೆ. ಅದರಿಂದ ಹೊರಟ ಜೋಡಿ ಕೊಳವೆಗಳು ಹೊದಿಕೆಯ ಕೆಳಗೆ ಹಾದು, ರೋಗಿಯ ಎರಡು ಕಾಲುಗಳಿಗೂ ಸುತ್ತಿರುವ ಬಟ್ಟೆಯ ಪಟ್ಟಿಗಳನ್ನು ಸೇರುತ್ತವೆ. ಪಟ್ಟಿಯನ್ನು ಸುತ್ತುವಾಗ ದಾದಿಯು ಕಾಲಿಗೂ ಬಟ್ಟೆಗೂ ನಡುವೆ ತನ್ನ ಎರಡು ಬೆರಳು ತೂರುವಷ್ಟು ಸಡಿಲವಿದೆಯೇ ಎಂದು ನೋಡುತ್ತಾಳೆ. ಅದಕ್ಕಿಂತ ಬಿಗಿಯಾದರೆ ಚರ್ಮ ನೋಯುತ್ತದೆ, ಸಡಿಲವಾದರೆ ಗಾಳಿಯ ಬಲವು ಕಾಲಿಗೆ ಮುಟ್ಟದು. ಪೆಟ್ಟಿಗೆಯು ಒಮ್ಮೆ ಗುಂಯ್ಗುಟ್ಟಿ ಗಾಳಿ ತುಂಬುತ್ತದೆ, ಹತ್ತು ಹನ್ನೊಂದು ಸೆಕೆಂಡು ಪಟ್ಟಿಯು ಕಾಲನ್ನು ಅಪ್ಪಿಕೊಂಡಿರುತ್ತದೆ, ಅನಂತರ ಬುಸ್ಸೆಂದು ಗಾಳಿಯು ಹೊರಬಿದ್ದು ಕಾಲು ಬಿಡುಗಡೆಯಾಗುತ್ತದೆ. ಅಭಿಧಮನಿಗಳು ಮತ್ತೆ ತುಂಬಿಕೊಳ್ಳುವವರೆಗೆ ವಿರಾಮ. ಹಗಲಿರುಳೂ ಇದೇ ಆವರ್ತನ.

ಇಷ್ಟು ಸರಳವಾದ ಕ್ರಿಯೆಯಲ್ಲಿ ಪ್ರಕಾರಭೇದಗಳು ಹೇಗೆ ಹುಟ್ಟಿದುವೆಂದರೆ, ಎಲ್ಲಿ ಒತ್ತಬೇಕು, ಯಾವ ಕ್ರಮದಲ್ಲಿ ಒತ್ತಬೇಕು, ಎಷ್ಟು ವೇಗವಾಗಿ ಒತ್ತಬೇಕು, ಎಷ್ಟು ಹೊತ್ತಿಗೊಮ್ಮೆ ಒತ್ತಬೇಕು ಎಂಬ ಪ್ರಶ್ನೆಗಳಿಗೆ ಒಬ್ಬೊಬ್ಬರು ಒಂದೊಂದು ಉತ್ತರವನ್ನು ಕೊಟ್ಟರು. ಸ್ಥಾನದ ವಿಷಯದಲ್ಲಿ ಮೂರು ಪಕ್ಷಗಳುಂಟು: ಮೀನಖಂಡವೊಂದನ್ನೇ ಒತ್ತುವುದು, ಮೀನಖಂಡದೊಡನೆ ತೊಡೆಯನ್ನೂ ಒತ್ತುವುದು, ಅಂಗಾಲನ್ನು ಮಾತ್ರ ಒತ್ತುವುದು. ಮೂರನೆಯದಕ್ಕೆ ಮೂಲವಾದದ್ದು ಗಾರ್ಡ್ನರ್ ಮತ್ತು ಫಾಕ್ಸ್ ಎಂಬ ಇಂಗ್ಲೆಂಡಿನ ವೈದ್ಯರು 1983ರಲ್ಲಿ ವರ್ಣಿಸಿದ ಪಾದದ ಅಭಿಧಮನಿಗಳ ವ್ಯವಸ್ಥೆ. ಪಾದವನ್ನು ನೆಲಕ್ಕೆ ಊರಿ ಮೈಭಾರವನ್ನು ಹೊರಿಸಿದಾಕ್ಷಣ ಅಂಗಾಲಿನ ಅಭಿಧಮನಿಗಳು ಚಾಚಿ ಬರಿದಾಗುತ್ತವೆಂದೂ ಸ್ನಾಯುಗಳ ಸಂಕೋಚದ ನೆರವಿಲ್ಲದೆಯೇ ರಕ್ತವು ಮೇಲಕ್ಕೆ ಚಿಮ್ಮುತ್ತದೆಂದೂ ಅವರು ತೋರಿಸಿದರು. ಈ ಚಿಮ್ಮುವಿಕೆಯನ್ನು ಅನುಕರಿಸಬೇಕಾದ್ದರಿಂದ ಪಾದದ ಪಂಪು ಅರ್ಧ ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ, ಪಾದರಸದ 130 ಮಿಲಿಮೀಟರಿಗೂ ಮೀರಿದ ಒತ್ತಡದಿಂದ ಅಂಗಾಲನ್ನು ಗುದ್ದುತ್ತದೆ. ಮೀನಖಂಡದ ಪಟ್ಟಿಗಾದರೋ ಸಾಮಾನ್ಯವಾಗಿ ಸುಮಾರು 45 ಮಿಲಿಮೀಟರಿನ ಮೃದುವಾದ ಒತ್ತಡ ಸಾಕು. ಕಾಲಿಗೆ ಪ್ಲಾಸ್ಟರ್ ಹಾಕಿರುವಾಗ, ಹೊರಗಿನಿಂದ ಸರಳುಗಳನ್ನು ಚುಚ್ಚಿ ಮೂಳೆಯನ್ನು ಹಿಡಿದಿಟ್ಟಿರುವಾಗ, ಮೀನಖಂಡಕ್ಕೆ ಪಟ್ಟಿ ಸುತ್ತಲು ಎಡೆಯೇ ಇಲ್ಲದಿರುವುದರಿಂದ, ಅಸ್ಥಿವೈದ್ಯರಿಗೆ ಪಾದದ ಪಂಪು ಪ್ರಿಯವಾದುದು ಸಹಜ.

ಕ್ರಮದ ವಿಷಯದಲ್ಲಿ ಎರಡು ಮತಗಳು. ಆರಂಭದ ಯಂತ್ರಗಳಲ್ಲಿ ಪಟ್ಟಿಗೆ ಒಂದೇ ಕೋಶವಿದ್ದು ಕಾಲಿನ ಸುತ್ತಲೂ ಏಕರೂಪವಾದ ಒತ್ತಡ ಬೀಳುತ್ತಿತ್ತು. ಹಾಗೆ ಒತ್ತಿದರೆ ಪಟ್ಟಿಯ ಮೇಲ್ತುದಿಯಲ್ಲಿಯೇ ಅಭಿಧಮನಿಯು ಮೊದಲು ಮುಚ್ಚಿಕೊಂಡು ಕೆಳಗಿನ ರಕ್ತವು ಅಲ್ಲಿಯೇ ಸೆರೆಯಾಗಬಹುದೆಂಬ ಆಕ್ಷೇಪ ಬಂದಿತು. ಹಾಲು ಕರೆಯುವ ಕೈಯು ಮೊಲೆಯ ಬುಡವನ್ನು ಮೊದಲು ಬಿಗಿದು, ಆಮೇಲೆ ಒಂದೊಂದೇ ಬೆರಳನ್ನು ಕೆಳಕೆಳಕ್ಕೆ ಮುಚ್ಚುತ್ತ ಬರುವುದರಿಂದಲ್ಲವೆ ಹಾಲು ಹಿಂದಕ್ಕೆ ಸರಿಯದೆ ಧಾರೆಯಾಗಿ ಬೀಳುವುದು? ಅದೇ ತತ್ತ್ವವನ್ನು ತಲೆಕೆಳಗು ಮಾಡಿ, ಕಣಕಾಲಿನ ಕೋಶವು ಮೊದಲು, ಮೀನಖಂಡದ್ದು ಅನಂತರ, ತೊಡೆಯದು ಕೊನೆಗೆ ಉಬ್ಬುವಂತೆಯೂ, ಕೆಳಗೆ ಹೆಚ್ಚು ಮೇಲೆ ಕಡಿಮೆ ಒತ್ತಡವಿರುವಂತೆಯೂ ಏರ್ಪಡಿಸಿದ್ದು ಅನುಕ್ರಮ ಒತ್ತಡದ ಪದ್ಧತಿ. ವೇಗದಲ್ಲಿಯೂ ಭೇದವುಂಟು: ಕೆಲವು ಯಂತ್ರಗಳು ನಿಧಾನವಾಗಿ ತುಂಬುತ್ತವೆ, ಮತ್ತೆ ಕೆಲವು ಮೀನಖಂಡದ ಹಿಂಬದಿಗೆ ಮಾತ್ರ ಚೀಲವಿಟ್ಟು ಕ್ಷಣಾರ್ಧದಲ್ಲಿ ಒತ್ತುತ್ತವೆ. ಆವರ್ತನವನ್ನು ಗಡಿಯಾರಕ್ಕೆ ಕಟ್ಟಿಹಾಕದೆ, ಕಾಲಿನ ಅಭಿಧಮನಿಗಳು ಮತ್ತೆ ತುಂಬಿದುದನ್ನು ಯಂತ್ರವೇ ಅರಿತು ಮುಂದಿನ ಒತ್ತಡವನ್ನು ಕೊಡುವ ಏರ್ಪಾಡು ಈಚಿನದು. ಗೋಡೆಯ ವಿದ್ಯುತ್ತನ್ನು ಬಿಟ್ಟು ಬ್ಯಾಟರಿಯಿಂದ ನಡೆಯುವ, ರೋಗಿಯು ಹೊತ್ತುಕೊಂಡೇ ಓಡಾಡಬಹುದಾದ ಪುಟ್ಟ ಯಂತ್ರಗಳು ಅದಕ್ಕಿಂತಲೂ ಈಚಿನವು.

ಈ ಎಲ್ಲ ಭೇದಗಳ ಸಮರ್ಥನೆಗೆ ಮೊದಮೊದಲು ಮುಂದಿಟ್ಟದ್ದು ರಕ್ತಪ್ರವಾಹದ ಅಳತೆಯನ್ನು. ತೊಡೆಸಂದಿಯ ಅಭಿಧಮನಿಯಲ್ಲಿ ಯಾವ ಯಂತ್ರವು ರಕ್ತವನ್ನು ಹೆಚ್ಚು ವೇಗವಾಗಿ ಹರಿಸುತ್ತದೆಯೋ ಅದೇ ಶ್ರೇಷ್ಠವೆಂಬ ಊಹೆ ಇದರ ಹಿಂದೆ ಇತ್ತು. ಲಂಡನ್ನಿನ ನಿಕೊಲೈಡೀಸ್ ಮತ್ತು ಅವರ ಸಹೋದ್ಯೋಗಿಗಳು 1980ರಲ್ಲಿ, ಕಣಕಾಲಿಗೆ 35, ಮೀನಖಂಡಕ್ಕೆ 30, ತೊಡೆಗೆ 20 ಮಿಲಿಮೀಟರಿನಂತೆ ಅನುಕ್ರಮವಾಗಿ ಒತ್ತಿದಾಗ ಪ್ರವಾಹದ ಗರಿಷ್ಠ ವೇಗವು ಶೇಕಡ 240ರಷ್ಟು ಏರುವುದೆಂದೂ ಏಕಕೋಶದ ಪಟ್ಟಿಯಿಂದ ಏರಿಕೆಯು ಶೇಕಡ 180ರಷ್ಟು ಮಾತ್ರವೆಂದೂ ತಿಳಿಸಿದರು. ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ರೋಜರ್ ಕ್ಯಾಮ್ ಗಣಿತದ ಮಾರ್ಗದಿಂದ ಇದೇ ವಿಷಯವನ್ನು ಶೋಧಿಸಿದರು. ಆದರೆ ವೇಗವನ್ನು ಅಳೆಯುವುದು ಒಂದು, ಹೆಪ್ಪನ್ನು ತಡೆಯುವುದು ಮತ್ತೊಂದು. ಪ್ರವಾಹದ ಗುಣಗಳನ್ನೆಲ್ಲ ಅತ್ಯುತ್ತಮಗೊಳಿಸಿದ ಒತ್ತಡವು ಸಾಧಾರಣ ಒತ್ತಡಕ್ಕಿಂತ ರೋಗಿಗೆ ಹೆಚ್ಚು ರಕ್ಷಣೆಯನ್ನು ಕೊಡುವುದೇ ಎಂದು ಬಾಸ್ಟನ್ನಿನ ಸಾಲ್ಜ್‌ಮನ್ ಮೊದಲಾದವರು 1987ರಲ್ಲಿ ಪರೀಕ್ಷಿಸಿ ನೋಡಿದಾಗ ನಿಶ್ಚಿತವಾದ ಲಾಭವೇನೂ ಕಾಣಲಿಲ್ಲ.

ಇದಕ್ಕೂ ಮುಂಚೆಯೇ, 1976ರಲ್ಲಿ, ನೈಟ್ ಮತ್ತು ಡಾಸನ್ ಎಂಬ ಸಂಶೋಧಕರು ಒಂದು ವಿಸ್ಮಯಕರ ಸಂಗತಿಯನ್ನು ವರದಿ ಮಾಡಿದ್ದರು. ಅವರು ಗಾಳಿಪಟ್ಟಿಯನ್ನು ಸುತ್ತಿದ್ದು ರೋಗಿಗಳ ತೋಳುಗಳಿಗೆ. ಹೆಪ್ಪು ಕಡಿಮೆಯಾದುದು ಅವರ ಕಾಲುಗಳಲ್ಲಿ! ತೋಳನ್ನು ಒತ್ತಿದರೆ ಕಾಲಿನ ರಕ್ತದ ಗತಿಯು ಹೆಚ್ಚುವ ಸಂಭವವಿಲ್ಲವಾದುದರಿಂದ, ಒತ್ತಡದ ಪರಿಣಾಮವು ಬರಿಯ ಯಾಂತ್ರಿಕವಾದುದಲ್ಲವೆಂದೂ, ಹಿಂಡಲ್ಪಟ್ಟ ರಕ್ತನಾಳದ ಒಳಪದರವು ಹೆಪ್ಪನ್ನು ಕರಗಿಸುವ ದ್ರವ್ಯಗಳನ್ನು ರಕ್ತಕ್ಕೆ ಬಿಡುಗಡೆ ಮಾಡುತ್ತಿರಬೇಕೆಂದೂ ಅನುಮಾನ ಹುಟ್ಟಿತು. ಆಮೇಲಣ ಅನೇಕ ಪ್ರಯೋಗಗಳು, ಹೆಪ್ಪು ಕರಗಿಸುವ ರಕ್ತದ ಸ್ವಾಭಾವಿಕ ಶಕ್ತಿಯು ಗಾಳಿಯ ಒತ್ತಡದಿಂದ ಹೆಚ್ಚುತ್ತದೆಂದು ತೋರಿಸಿದುವು. ಪಟ್ಟಿಯನ್ನು ಬಿಚ್ಚಿದ ಸ್ವಲ್ಪ ಹೊತ್ತಿನಲ್ಲಿಯೇ ಆ ಗುಣವು ಇಳಿದುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಶ ಮತ್ತೊಂದಿಲ್ಲ. ಏಕೆಂದರೆ ಒತ್ತಡದ ಫಲವು ಅದು ನಡೆಯುತ್ತಿರುವವರೆಗೆ ಮಾತ್ರವೆಂದಾದರೆ, ಯಾವ ಯಂತ್ರವೆಂಬ ಪ್ರಶ್ನೆಗಿಂತ ಎಷ್ಟು ಹೊತ್ತು ಎಂಬ ಪ್ರಶ್ನೆಯೇ ದೊಡ್ಡದಾಗುತ್ತದೆ.

ಯಂತ್ರಯಂತ್ರಗಳನ್ನು ನೇರವಾಗಿ ಹೋಲಿಸಿದ ಪರೀಕ್ಷೆಗಳು ಕೆಲವೇ, ಅವುಗಳ ತೀರ್ಪುಗಳೂ ಒಂದಕ್ಕೊಂದು ಹೊಂದುವುದಿಲ್ಲ. ಕಾಲನ್ನು ಬಿಟ್ಟು ದೇಹದ ಬೇರೆಡೆ ಗಾಯಗೊಂಡ ಅಪಘಾತದ ರೋಗಿಗಳಲ್ಲಿ ಎಲಿಯಟ್ ಮೊದಲಾದವರು 1999ರಲ್ಲಿ ಪಾದದ ಪಂಪನ್ನೂ ಮೀನಖಂಡ-ತೊಡೆಗಳ ಅನುಕ್ರಮ ಒತ್ತಡವನ್ನೂ ಹೋಲಿಸಿದಾಗ, ಮೊದಲನೆಯದರಲ್ಲಿ ಶೇಕಡ 21 ಮಂದಿಗೂ ಎರಡನೆಯದರಲ್ಲಿ ಶೇಕಡ 6.5 ಮಂದಿಗೂ ಹೆಪ್ಪುಗಟ್ಟಿತ್ತು. ಇಷ್ಟು ದೊಡ್ಡ ಅಂತರವನ್ನು ಕಂಡ ಮೇಲೆ ಪಾದದ ಪಂಪನ್ನು ತಳ್ಳಿಹಾಕಬಹುದೆನಿಸುತ್ತದೆ. ಆದರೆ ಅದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನಲ್ಲಿ ವಾರ್ವಿಕ್ ಮೊದಲಾದವರು ಸೊಂಟದ ಕೀಲು ಬದಲಾಯಿಸಿಕೊಂಡ 290 ರೋಗಿಗಳಲ್ಲಿ ಅದೇ ಪಾದದ ಪಂಪನ್ನು ಎನಾಕ್ಸಪರಿನ್ ಎಂಬ ಚುಚ್ಚುಮದ್ದಿನೊಡನೆ ತೂಗಿದಾಗ, ಹೆಪ್ಪಿನ ಪ್ರಮಾಣವು ಕ್ರಮವಾಗಿ ಶೇಕಡ 18 ಮತ್ತು ಶೇಕಡ 13 ಆಗಿದ್ದು, ಆ ವ್ಯತ್ಯಾಸವು ಆಕಸ್ಮಿಕವಾಗಿರಬಹುದಾದ ಮಿತಿಯೊಳಗೇ ಇತ್ತು. ಗಾಯದಿಂದ ರಕ್ತ ಜಿನುಗುವುದು, ತೊಡೆ ಕಪ್ಪಿಡುವುದು ಚುಚ್ಚುಮದ್ದಿನವರಲ್ಲಿಯೇ ಹೆಚ್ಚಾಗಿತ್ತು. ಪಂಪು ಒಂದೇ ಆದರೂ ರೋಗಿಗಳು ಬೇರೆ, ಪ್ರತಿಸ್ಪರ್ಧಿಯೂ ಬೇರೆ.

ಅಮೆರಿಕದ ಉತ್ತರ ಕ್ಯಾರೊಲೈನದ ಲಾಕೆವಿಚ್ ಮೊದಲಾದವರು 2004ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇನ್ನೂ ಸ್ವಾರಸ್ಯವಾದುದು. ಮೊಣಕಾಲ ಕೀಲು ಬದಲಾಯಿಸಿಕೊಂಡ 423 ರೋಗಿಗಳಲ್ಲಿ, ಮೀನಖಂಡದ ಹಿಂಬದಿಯನ್ನು ಕ್ಷಿಪ್ರವಾಗಿ ಒತ್ತುವ ಯಂತ್ರವನ್ನೂ ಸುತ್ತಲೂ ಅನುಕ್ರಮವಾಗಿ ಒತ್ತುವ ಯಂತ್ರವನ್ನೂ ಹೋಲಿಸಲಾಗಿ, ಹೆಪ್ಪಿನ ಪ್ರಮಾಣವು ಕ್ಷಿಪ್ರ ಯಂತ್ರದಲ್ಲಿ ಶೇಕಡ 6.9, ಅನುಕ್ರಮ ಯಂತ್ರದಲ್ಲಿ ಶೇಕಡ 15 ಎಂದು ಕಂಡುಬಂದಿತು. ಅನುಕ್ರಮವೇ ಶ್ರೇಷ್ಠವೆಂದು ಪ್ರವಾಹದ ಅಳತೆಯು ಹೇಳಿದ್ದ ಮಾತು ಇಲ್ಲಿ ತಿರುವುಮುರುವಾಯಿತು. ಇನ್ನೊಂದೆಡೆ, ಮಿಶಿಗನ್ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೊದಲಾದವರು 2001ರಲ್ಲಿ, ಸುಮಾರು 1350 ರೋಗಿಗಳಲ್ಲಿ ಐದು ಬಗೆಯ ಯಂತ್ರಗಳನ್ನು ಬಳಸಿ ನೋಡಿ, ಹೆಪ್ಪನ್ನು ತಡೆಯುವುದರಲ್ಲಿ ಅವುಗಳೊಳಗೆ ಗಣನೀಯ ತಾರತಮ್ಯವಿಲ್ಲವೆಂದೂ, ಯಂತ್ರವನ್ನು ಆರಿಸುವಾಗ ರೋಗಿಯ ಸಹಿಷ್ಣುತೆ, ಬಳಕೆಯ ಸೌಲಭ್ಯ ಮುಂತಾದ ವ್ಯಾವಹಾರಿಕ ಸಂಗತಿಗಳಿಗೆ ಬೆಲೆಕೊಡಬೇಕೆಂದೂ ತೀರ್ಮಾನಿಸಿದರು. ಸೊಂಟದ ಕೀಲಿನ ಶಸ್ತ್ರಕ್ರಿಯೆಯ ಅನಂತರ ಯಾವ ಬಗೆಯ ಯಂತ್ರ ಉತ್ತಮವೆಂದು ಕೊಕ್ರೇನ್ ಸಮೀಕ್ಷೆಯವರು 2012ರಲ್ಲಿ ಜಗತ್ತಿನ ಸಾಹಿತ್ಯವನ್ನೆಲ್ಲ ಜಾಲಿಸಿದಾಗ ಅವರ ನಿಯಮಗಳಿಗೆ ಒಪ್ಪುವಂತಹ ಪರೀಕ್ಷೆ ಸಿಕ್ಕಿದ್ದು ಒಂದೇ ಒಂದು, ಅದರಲ್ಲಿದ್ದ ರೋಗಿಗಳು 121 ಮಂದಿ. ಅಷ್ಟರ ಮೇಲೆ ಯಾವ ಸಿದ್ಧಾಂತವನ್ನು ಕಟ್ಟಲಾದೀತು?

ಇಂತಹ ವೈರುಧ್ಯಗಳಿಗೆ ಒಂದು ಕಾರಣವು ಎಣಿಕೆಯ ಕ್ರಮದಲ್ಲಿಯೇ ಅಡಗಿದೆ. ಎಪ್ಪತ್ತರ ದಶಕದಲ್ಲಿ ಹೆಪ್ಪಿನಲ್ಲಿ ಸೇರಿಕೊಳ್ಳುವ ಫೈಬ್ರಿನೋಜನ್ ಎಂಬ ದ್ರವ್ಯಕ್ಕೆ ವಿಕಿರಣಶೀಲ ಅಯೋಡಿನ್ ಅಂಟಿಸಿ, ಅದನ್ನು ರಕ್ತಕ್ಕೆ ಸೇರಿಸಿ, ಅದು ಕಾಲಿನಲ್ಲಿ ಎಲ್ಲಿ ಒಟ್ಟುಗೂಡುವುದೆಂದು ಹೊರಗಿನಿಂದ ಅಳೆಯುತ್ತಿದ್ದರು. ಮೀನಖಂಡದಲ್ಲಿ ಹುಟ್ಟಿ ತಾನಾಗಿಯೇ ಕರಗಿಹೋಗಬಹುದಾದ ಅತಿ ಸಣ್ಣ ಹೆಪ್ಪುಗಳೂ ಆ ಲೆಕ್ಕದಲ್ಲಿ ಸೇರುತ್ತಿದ್ದುವು. ಅನಂತರ ಬಂದುದು ಅಭಿಧಮನಿಗೆ ವರ್ಣದ್ರವ್ಯವನ್ನು ಚುಚ್ಚಿ ತೆಗೆಯುವ ಎಕ್ಸ್-ರೇ. ಈಗ ರೂಢಿಯಲ್ಲಿರುವುದು ಅಲ್ಟ್ರಾಸೌಂಡ್. ಮೂರರ ಕಣ್ಣುಗಳೂ ಬೇರೆಬೇರೆಯಾದುದರಿಂದ ಒಂದು ಪರೀಕ್ಷೆಯ ಶೇಕಡ 20ನ್ನು ಮತ್ತೊಂದರ ಶೇಕಡ 5ರೊಡನೆ ಇಟ್ಟು ನೋಡುವುದು ನ್ಯಾಯವಾಗದು. ರೋಗಿಯನ್ನು ಕೊಲ್ಲುವ ಹೆಪ್ಪು ಬಹುತೇಕ ಮೊಣಕಾಲಿನಿಂದ ಮೇಲಣ ಅಭಿಧಮನಿಗಳದು. ಅದನ್ನೇ ಮುಖ್ಯವಾಗಿ ಎಣಿಸಿದ ಪರೀಕ್ಷೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮಾತ್ರೆಯ ಪರೀಕ್ಷೆಯಲ್ಲಿ ಸಕ್ಕರೆಗುಳಿಗೆಯನ್ನು ಕೊಟ್ಟು ರೋಗಿಗೂ ವೈದ್ಯನಿಗೂ ಯಾರಿಗೇನು ಸಿಕ್ಕಿತೆಂದು ತಿಳಿಯದಂತೆ ಮಾಡಬಹುದು. ಕಾಲಿಗೆ ಸುತ್ತಿ ಸದ್ದುಮಾಡುವ ಪಟ್ಟಿಯನ್ನು ಮರೆಮಾಡುವ ಬಗೆಯಿಲ್ಲ ಎಂಬ ಕೊರತೆಯೂ ಈ ಕ್ಷೇತ್ರದ ಎಲ್ಲ ಪರೀಕ್ಷೆಗಳಿಗೆ ಅಂಟಿಕೊಂಡಿದೆ.

ಹಾಗಿದ್ದರೂ ಗಾಳಿಯ ಒತ್ತಡವೆಂಬುದು ಒಟ್ಟಿನಲ್ಲಿ ಫಲಕಾರಿಯೇ ಎಂಬ ಪ್ರಶ್ನೆಗೆ ಈಗ ದೃಢವಾದ ಉತ್ತರವಿದೆ. 2013ರಲ್ಲಿ ಹೋ ಮತ್ತು ಟ್ಯಾನ್ ಎಂಬವರು 70 ಪರೀಕ್ಷೆಗಳ 16,164 ರೋಗಿಗಳ ವಿವರವನ್ನು ಒಟ್ಟುಗೂಡಿಸಿ ನೋಡಿದಾಗ, ಯಾವ ರಕ್ಷಣೆಯೂ ಇಲ್ಲದವರಲ್ಲಿ ಶೇಕಡ 16.7ರಷ್ಟಿದ್ದ ಅಭಿಧಮನಿಯ ಹೆಪ್ಪು ಗಾಳಿಪಟ್ಟಿ ಧರಿಸಿದವರಲ್ಲಿ ಶೇಕಡ 7.3ಕ್ಕೂ, ಶೇಕಡ 2.8ರಷ್ಟಿದ್ದ ಶ್ವಾಸಕೋಶದ ಹೆಪ್ಪು ಶೇಕಡ 1.2ಕ್ಕೂ ಇಳಿದಿದ್ದುವು. ಅದೇ ವರ್ಷ ಎಡಿನ್‌ಬರೋದ ಮಾರ್ಟಿನ್ ಡೆನಿಸ್ ಅವರ ನಾಯಕತ್ವದಲ್ಲಿ ಬ್ರಿಟನ್ನಿನ 94 ಆಸ್ಪತ್ರೆಗಳು ನಡೆಸಿದ ‘ಕ್ಲಾಟ್ಸ್ 3’ ಎಂಬ ಪರೀಕ್ಷೆಯ ಫಲಿತಾಂಶವೂ ಹೊರಬಂದಿತು. ಪಾರ್ಶ್ವವಾಯು ಬಡಿದು ನಡೆಯಲಾರದೆ ಮಲಗಿದ 2876 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ತೊಡೆಯವರೆಗಿನ ಅನುಕ್ರಮ ಒತ್ತಡದ ಪಟ್ಟಿಯನ್ನು ತೊಡಿಸಲಾಯಿತು. ಮೊಣಕಾಲಿನಿಂದ ಮೇಲಣ ಅಭಿಧಮನಿಗಳ ಹೆಪ್ಪು ಪಟ್ಟಿಯಿಲ್ಲದವರಲ್ಲಿ ಶೇಕಡ 12.1, ಪಟ್ಟಿ ಧರಿಸಿದವರಲ್ಲಿ ಶೇಕಡ 8.5. ಇದೇ ತಂಡವು 2009ರಲ್ಲಿ ಇದೇ ಬಗೆಯ ರೋಗಿಗಳಲ್ಲಿ ತೊಡೆಯವರೆಗಿನ ಬಿಗಿ ಸ್ಟಾಕಿಂಗ್ಸ್‌ಗಳನ್ನು ಪರೀಕ್ಷಿಸಿ, ಅವುಗಳಿಂದ ಪ್ರಯೋಜನವಿಲ್ಲದೆ ಚರ್ಮಕ್ಕೆ ಹಾನಿ ಮಾತ್ರ ಹೆಚ್ಚೆಂದು ಕಂಡುಕೊಂಡಿತ್ತು ಎಂಬುದನ್ನು ಜೊತೆಗಿಟ್ಟು ನೋಡಬೇಕು. ಸುಮ್ಮನೆ ಬಿಗಿದಿರುವ ಬಟ್ಟೆಗೂ ಒತ್ತಿ ಬಿಡುವ ಗಾಳಿಗೂ ಇರುವ ವ್ಯತ್ಯಾಸವು ಇದರಿಂದ ನಿಸ್ಸಂದಿಗ್ಧವಾಗಿ ಸ್ಥಾಪಿತವಾಯಿತು. ಸ್ಟಾಕಿಂಗ್ಸ್ ತೊಡಿಸಿ ಕರ್ತವ್ಯ ಮುಗಿಯಿತೆಂದುಕೊಳ್ಳುವ ರೂಢಿಯನ್ನು, ಪಾರ್ಶ್ವವಾಯುವಿನ ರೋಗಿಗಳ ಮಟ್ಟಿಗಾದರೂ, ಕೈಬಿಡುವುದು ಒಳಿತು.

ಆದರೆ ಔಷಧಿಯ ಮೇಲೆ ಗಾಳಿಯನ್ನೂ ಸೇರಿಸಿದರೆ ಲಾಭವು ಇಮ್ಮಡಿಯಾಗುವುದೇ? ಸೌದಿ ಅರೇಬಿಯ, ಕೆನಡ, ಆಸ್ಟ್ರೇಲಿಯ ಮತ್ತು ನಮ್ಮ ಭಾರತದ ತೀವ್ರನಿಗಾ ಘಟಕಗಳಲ್ಲಿ ರಿಯಾದಿನ ಯಾಸೀನ್ ಅರಬಿಯವರ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ‘ಪ್ರಿವೆಂಟ್’ ಪರೀಕ್ಷೆಯು ಇದನ್ನೇ ಕೇಳಿತು. ಅದರ 2003 ರೋಗಿಗಳೆಲ್ಲರಿಗೂ ಹೆಪಾರಿನ್ ಸಲ್ಲುತ್ತಿತ್ತು. ಒಂದು ಪಂಗಡಕ್ಕೆ ಮಾತ್ರ ಗಾಳಿಪಟ್ಟಿಯೂ ಇತ್ತು. ಮೇಲಣ ಅಭಿಧಮನಿಗಳ ಹೆಪ್ಪು ಪಟ್ಟಿಯಿದ್ದವರಲ್ಲಿ ಶೇಕಡ 3.9, ಇಲ್ಲದವರಲ್ಲಿ ಶೇಕಡ 4.2, ಅಂದರೆ ಭೇದವಿಲ್ಲ. ದಿನಕ್ಕೆ ಸುಮಾರು 22 ಗಂಟೆಗಳ ಕಾಲ ಯಂತ್ರವು ನಡೆದಿದ್ದರಿಂದ ಬಳಕೆಯ ಕೊರತೆಯೆಂದು ದೂರುವಂತೆಯೂ ಇಲ್ಲ. ಹೆಪಾರಿನ್ ಕೊಡಬಹುದಾದ ತೀವ್ರನಿಗಾ ರೋಗಿಗೆ ಗಾಳಿಪಟ್ಟಿಯು ಅಲಂಕಾರಪ್ರಾಯವೆಂದೂ, ಹೆಪಾರಿನ್ ಕೊಡಲಾಗದ ರೋಗಿಗೆ ಅದು ಜೀವರಕ್ಷಕವೆಂದೂ ಹೇಳಿದರೆ ತಪ್ಪಾಗಲಾರದು. ಸೊಂಟ ಮೊಣಕಾಲುಗಳ ಶಸ್ತ್ರಕ್ರಿಯೆಯಂತಹ ಅಧಿಕ ಅಪಾಯದ ಸಂದರ್ಭಗಳಲ್ಲಿ ಎರಡನ್ನೂ ಕೂಡಿಸುವುದಕ್ಕೆ ಇನ್ನೂ ಸಮರ್ಥನೆಯುಂಟು.

ಇನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಭಾವಿಸಿರುವ ವಿಷಯಕ್ಕೆ ಬರುತ್ತೇನೆ. 1992ರಲ್ಲಿ ಅಮೆರಿಕದ ಕೊಮೆರೊಟ ಮೊದಲಾದವರು, ಗಾಳಿಯ ಒತ್ತಡವು ಏಕೆ ವಿಫಲವಾಗುತ್ತದೆಂದು ಶೋಧಿಸಲು, ವೈದ್ಯರು ಯಂತ್ರವನ್ನು ವಿಧಿಸಿದ್ದ ರೋಗಿಗಳ ಹಾಸಿಗೆಗಳನ್ನೇ ಸುತ್ತಿ ನೋಡಿದರು. ತೀವ್ರನಿಗಾ ಘಟಕದಲ್ಲಿ ಶೇಕಡ 78ರಷ್ಟು ಸಲ ಯಂತ್ರವು ಸರಿಯಾಗಿ ನಡೆಯುತ್ತಿತ್ತು. ಸಾಮಾನ್ಯ ವಾರ್ಡುಗಳಲ್ಲಿ ಶೇಕಡ 48ರಷ್ಟು ಸಲ ಮಾತ್ರ. ಇದಕ್ಕೆ ಯಾರ ದುರ್ಬುದ್ಧಿಯೂ ಕಾರಣವಲ್ಲ. ರೋಗಿಯನ್ನು ಸ್ಕ್ಯಾನಿಗೆ ಕರೆದೊಯ್ಯುವಾಗ ಕೊಳವೆಯನ್ನು ಕಳಚುತ್ತಾರೆ, ಹಿಂದಕ್ಕೆ ತಂದು ಮಲಗಿಸುವವರು ಬೇರೆಯವರಾದುದರಿಂದ ಮತ್ತೆ ಸಿಕ್ಕಿಸುವುದು ಮರೆತುಹೋಗುತ್ತದೆ. ಮೈ ಒರೆಸುವಾಗ, ವ್ಯಾಯಾಮ ಮಾಡಿಸುವಾಗ, ಶೌಚಕ್ಕೆ ಹೋಗುವಾಗ ಬಿಚ್ಚಿದ ಪಟ್ಟಿಯು ಮಂಚದ ಕೆಳಗೆ ಉಳಿಯುತ್ತದೆ. ಬೇಸಗೆಯ ಸೆಕೆಯಲ್ಲಿ ಪ್ಲಾಸ್ಟಿಕ್ಕಿನ ಒಳಗೆ ಬೆವರಿ ತುರಿಕೆಯೆದ್ದ ರೋಗಿಯು ತಾನೇ ಅದನ್ನು ಕಿತ್ತೆಸೆಯುತ್ತಾನೆ. ಅಮೆರಿಕದ ಎದೆರೋಗ ವೈದ್ಯರ ಕಾಲೇಜು 2012ರಲ್ಲಿ ಅಸ್ಥಿಶಸ್ತ್ರಕ್ರಿಯೆಯ ರೋಗಿಗಳಿಗೆ ಸೂಚನೆಗಳನ್ನು ಹೊರಡಿಸುವಾಗ, ಬ್ಯಾಟರಿಯಿಂದ ನಡೆಯುವ, ಬಳಕೆಯ ಗಂಟೆಗಳನ್ನು ತಾನೇ ದಾಖಲಿಸುವ ಯಂತ್ರಗಳನ್ನು ಮಾತ್ರ ಶಿಫಾರಸು ಮಾಡಿ, ದಿನಕ್ಕೆ 18 ಗಂಟೆಗಳ ಬಳಕೆಯನ್ನು ಸಾಧಿಸಬೇಕೆಂದು ಹೇಳಿದುದರ ಮರ್ಮ ಇದೇ. ಕ್ಯಾಲಿಫೋರ್ನಿಯದ ಕೋಲ್ವೆಲ್ ಮೊದಲಾದವರು 2010ರಲ್ಲಿ ಇಂತಹ ಹೊತ್ತೊಯ್ಯುವ ಯಂತ್ರವನ್ನು ಸೊಂಟದ ಕೀಲಿನ ರೋಗಿಗಳಲ್ಲಿ ಚುಚ್ಚುಮದ್ದಿನೊಡನೆ ಹೋಲಿಸಿದಾಗ ಹೆಪ್ಪಿನ ಪ್ರಮಾಣವು ಹೆಚ್ಚುಕಡಿಮೆ ಸಮವಾಗಿತ್ತು. ಗಂಭೀರ ರಕ್ತಸ್ರಾವವು ಚುಚ್ಚುಮದ್ದಿನವರಲ್ಲಿ ಶೇಕಡ 6 ಇದ್ದರೆ ಯಂತ್ರದವರಲ್ಲಿ ಒಬ್ಬರಿಗೂ ಇರಲಿಲ್ಲ. ಯಂತ್ರದವರಲ್ಲಿ ಹಲವರು ಆಸ್ಪಿರಿನ್ನನ್ನೂ ಸೇವಿಸುತ್ತಿದ್ದರೆಂಬುದನ್ನು ಮರೆಯಬಾರದಾದರೂ, ಎದ್ದು ಓಡಾಡುವಾಗಲೂ ಕಾಲಿನಲ್ಲಿಯೇ ಇರುವ ಪಟ್ಟಿಯು ಎಷ್ಟು ಸಾಧಿಸಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಗಾಳಿಯು ನಿರಪಾಯವೆಂಬ ಮಾತಿಗೂ ಮಿತಿಯುಂಟು. ಕ್ಲಾಟ್ಸ್ 3ರಲ್ಲಿ ಪಟ್ಟಿ ಧರಿಸಿದವರ ಪೈಕಿ ಶೇಕಡ 3 ಮಂದಿಯ ಕಾಲಿನ ಚರ್ಮ ಒಡೆಯಿತು. ಧರಿಸದವರಲ್ಲಿ ಅದು ಶೇಕಡ 1. ಮೊಣಕಾಲಿನ ಹೊರಬದಿಯಲ್ಲಿ ಮೂಳೆಯನ್ನು ಬಳಸಿ ಹೋಗುವ ನರವು ಒತ್ತಡಕ್ಕೆ ಸಿಕ್ಕಿ ಪಾದವು ಜೋಲುಬಿದ್ದ ಪ್ರಸಂಗಗಳೂ ವರದಿಯಾಗಿವೆ. ಅಪಧಮನಿಗಳು ಕಿರಿದಾಗಿ ಕಾಲಿಗೆ ರಕ್ತವೇ ಸಾಲದವರಿಗೆ, ಹೃದಯವು ದುರ್ಬಲವಾಗಿ ಮೈಯಲ್ಲಿ ನೀರು ತುಂಬಿದವರಿಗೆ, ಕಾಲಿನಲ್ಲಿ ಕೊಳೆತ ಹುಣ್ಣಾಗಲಿ ಹೊಸದಾಗಿ ನೆಟ್ಟ ಚರ್ಮವಾಗಲಿ ಇರುವವರಿಗೆ ಈ ಯಂತ್ರ ಸಲ್ಲದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ, ಪಟ್ಟಿಯನ್ನು ದಿನಕ್ಕೆ ಕೆಲವು ಸಲ ಬಿಚ್ಚಿ ಚರ್ಮವನ್ನು ಕಣ್ಣಾರೆ ನೋಡುವುದು ಅತ್ಯಗತ್ಯ.

ನಮ್ಮ ದೇಶದ ಸ್ಥಿತಿಯನ್ನು ನೆನೆದರೆ ಯಂತ್ರಗಳ ತಾರತಮ್ಯವು ಇನ್ನೂ ಚಿಕ್ಕದಾಗಿ ತೋರುತ್ತದೆ. ಕಾಲಿನ ಹೆಪ್ಪು ಪಾಶ್ಚಾತ್ಯರ ಕಾಯಿಲೆ, ನಮ್ಮವರಿಗೆ ಅಪರೂಪ ಎಂಬ ನಂಬಿಕೆಯು ವೈದ್ಯರಲ್ಲಿಯೇ ಬಹುಕಾಲ ಬೇರುಬಿಟ್ಟಿತ್ತು. ಏಷ್ಯದ ಹಲವು ದೇಶಗಳ ಅಸ್ಥಿಶಸ್ತ್ರಕ್ರಿಯೆಯ ರೋಗಿಗಳಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ಷಣೆಯಿಲ್ಲದವರ ಪೈಕಿ ಶೇಕಡ 41 ಮಂದಿಗೆ ಎಕ್ಸ್-ರೇಯಲ್ಲಿ ಹೆಪ್ಪು ಕಂಡುಬಂದ ಮೇಲೆ ಆ ನಂಬಿಕೆಗೆ ಆಧಾರ ಉಳಿಯಲಿಲ್ಲ. ‘ಎಂಡಾರ್ಸ್’ ಎಂಬ ಜಾಗತಿಕ ಸಮೀಕ್ಷೆಯ ಅಂಗವಾಗಿ ಭಾರತದ 10 ಆಸ್ಪತ್ರೆಗಳ 2058 ರೋಗಿಗಳನ್ನು ಪರಿಶೀಲಿಸಿದಾಗ, ಹೆಪ್ಪಿನ ಅಪಾಯವಿದ್ದವರು ಶೇಕಡ 53.6, ಅವರಲ್ಲಿ ಶಾಸ್ತ್ರಸಮ್ಮತವಾದ ರಕ್ಷಣೆ ಪಡೆಯುತ್ತಿದ್ದವರು ಶೇಕಡ 17.4 ಮಾತ್ರ. ಹತ್ತರಲ್ಲಿ ಎಂಟು ಮಂದಿಗೆ ಔಷಧಿಯೂ ಇಲ್ಲ, ಗಾಳಿಯೂ ಇಲ್ಲ ಎಂಬಂತಹ ಸ್ಥಿತಿಯಲ್ಲಿ, ಅನುಕ್ರಮ ಒತ್ತಡವೋ ಏಕರೂಪ ಒತ್ತಡವೋ ಎಂಬ ವಾದದಲ್ಲಿ ಹೊತ್ತು ಕಳೆಯುವುದು ನನಗೆ ಸರಿದೋರದು.

ಯಂತ್ರವನ್ನು ಕೊಳ್ಳಲು ಹೊರಟ ಆಸ್ಪತ್ರೆಯು ನನ್ನ ಅಭಿಪ್ರಾಯವನ್ನು ಕೇಳುವುದಾದರೆ ಹೀಗೆ ಹೇಳುತ್ತೇನೆ. ಪಾರ್ಶ್ವವಾಯುವಿನ ರೋಗಿಗಳಿಗೆ ತೊಡೆಯವರೆಗಿನ ಅನುಕ್ರಮ ಪಟ್ಟಿಗೆ ಅತ್ಯಂತ ಬಲವಾದ ಆಧಾರವಿರುವುದರಿಂದ ಅವರಿಗೆ ಅದನ್ನೇ ಬಳಸಲಿ. ಮಿಕ್ಕ ಶಸ್ತ್ರಕ್ರಿಯೆಯ ವಾರ್ಡುಗಳಲ್ಲಿ ತೊಡೆಯ ಪಟ್ಟಿಗಿಂತ ಮೀನಖಂಡದ ಪಟ್ಟಿಯು ತೊಡಿಸಲು ಸುಲಭ, ಸೆಕೆಯೂ ಕಡಿಮೆ. ಅದು ಕೆಳಮಟ್ಟದ್ದೆಂಬುದಕ್ಕೆ ತಕ್ಕ ಪುರಾವೆಯಿಲ್ಲ. ಪಾದದ ಪಂಪನ್ನು ಮೀನಖಂಡವು ಪ್ಲಾಸ್ಟರಿನಲ್ಲಿಯೋ ಗಾಯದಲ್ಲಿಯೋ ಮುಚ್ಚಿಹೋದವರಿಗಾಗಿ ಕಾದಿರಿಸಲಿ. ವಿದ್ಯುತ್ತು ಹೋದರೂ ನಿಲ್ಲದ, ನಡೆದ ಗಂಟೆಗಳನ್ನು ತೋರಿಸುವ ಯಂತ್ರಕ್ಕೆ, ಪ್ರವಾಹದ ವೇಗವನ್ನು ಬಣ್ಣಿಸುವ ಯಂತ್ರಕ್ಕಿಂತ ಹೆಚ್ಚು ಬೆಲೆ ಕೊಡಲಿ. ಜ್ವರ, ನಾಡಿ, ರಕ್ತದೊತ್ತಡಗಳನ್ನು ಬರೆಯುವ ಹಾಳೆಯಲ್ಲಿಯೇ ಪಟ್ಟಿಯು ಕಾಲಿನಲ್ಲಿದ್ದ ಗಂಟೆಗಳಿಗೂ ಒಂದು ಅಂಕಣವಿರಲಿ.

ರೋಗಿಯ ಬಳಿ ಕುಳಿತಿರುವ ಬಂಧುಗಳಿಗೂ ಇಲ್ಲಿ ಕೆಲಸವಿದೆ. ಪೆಟ್ಟಿಗೆಯ ಸದ್ದು ನಿಂತಿದ್ದರೆ, ಪಟ್ಟಿಯು ಹಾಸಿಗೆಯ ಮೇಲೆ ಬಿದ್ದಿದ್ದರೆ, ತಡಮಾಡದೆ ದಾದಿಯನ್ನು ಕರೆಯಿರಿ. ಒಂದೇ ಕಾಲು ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದರೆ ಮಾತ್ರ ಅದನ್ನು ತಿಕ್ಕಬೇಡಿ, ಪಟ್ಟಿಯನ್ನು ನೀವೇ ಕಟ್ಟಬೇಡಿ; ಅಲ್ಲಿ ಆಗಲೇ ಹೆಪ್ಪು ಇರಬಹುದಾದುದರಿಂದ, ವೈದ್ಯರು ಬಂದು ಅಲ್ಟ್ರಾಸೌಂಡ್ ಮಾಡಿಸುವವರೆಗೆ ಆ ಕಾಲನ್ನು ಒತ್ತಕೂಡದು.